ಅಧ್ಯಕ್ಷರ ಕಿಡ್ನಿ ಕಲ್ಲು

ಮ್ಯಾನಿಟೋವಾಕ್ ಊರಿನಲ್ಲಿ, ಮರದ ಓಣಿಯಲ್ಲಿ ಚೆಂಡು ಉರುಳಿಸಿ ಹತ್ತು ಪಿನ್ನು ಕೆಡವುವ ಗುರುವಾರದ ಬೌಲಿಂಗ್ ಕೂಟಕ್ಕೆ ಹಾರ್ಲನ್ ಡೀಟ್ಸ್ ಹನ್ನೊಂದು ವರ್ಷಗಳಿಂದ ಅಧ್ಯಕ್ಷ. ಆ ಕೆಲಸ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಬೇಕಾಗಿದ್ದರೂ ಅವನು ಬಿಟ್ಟುಕೊಡುತ್ತಿರಲಿಲ್ಲ. ನಿಯಮದ ಪುಸ್ತಕ ಸದಾ ಅಂಗಿಯ ಜೇಬಿನಲ್ಲಿ. ಯಾರದಾದರೂ ಬೂಟಿನ ತುದಿ ಎಸೆತದ ಗೆರೆ ಮುಟ್ಟಿದರೆ ನಾಲ್ಕು ಓಣಿ ಆಚೆಯಿಂದಲೇ ಕೂಗು ಹಾಕುತ್ತಿದ್ದ. ಕಟ್ಟಿಕೊಂಡ ಹೆಂಡತಿ ವರ್ನಾಳ ಆಟವನ್ನೇ ಒಮ್ಮೆ ರದ್ದು ಮಾಡಿ, ಮೂರು ದಿನ ತಾನೇ ಅಡುಗೆ ಮಾಡಿಕೊಂಡಿದ್ದ.

ಆದರೆ ಅವನ ಎದೆಯುಬ್ಬಿಸುತ್ತಿದ್ದದ್ದು ಏಳನೆಯ ನಿಯಮ. ಅದನ್ನು ಬರೆದವನು ಅವನೇ. ಆಟ ಶುರುವಾದ ಮೇಲೆ ಚೆಂಡಿನ ಮೈಯನ್ನು ಯಾರೂ ಉಜ್ಜುವಂತಿಲ್ಲ. ನುಣುಪಾದ ಚೆಂಡು ಎಣ್ಣೆ ಸವರಿದ ಓಣಿಯಲ್ಲಿ ಜಾರಿ ನೆಟ್ಟಗೆ ಹೋಗುತ್ತದೆ. ಮರಳುಕಾಗದದಂಥ ಉಜ್ಜುಪಟ್ಟಿಯಿಂದ ಸ್ವಲ್ಪ ತರಿ ಮಾಡಿದರೆ ಮರವನ್ನು ಕಚ್ಚಿಕೊಂಡು ಬೇಗ ತಿರುಗುತ್ತದೆ. ಎಲ್ಲರೂ ನಡುವೆ ಉಜ್ಜುತ್ತ ಕೂತರೆ ಅದು ಆಟವೋ ಬಡಗಿಯಂಗಡಿಯೋ ಎಂದು ಅವನ ವಾದ. ಹೋದ ವರ್ಷ ಕೊಳಾಯಿ ಕೆಲಸದ ಕ್ಲಿಫ್ ನೊವೋಟ್ನಿ ಕಾರಿನ ಹಿಂದೆ ಬಗ್ಗಿ ಚೆಂಡು ಉಜ್ಜುತ್ತಿದ್ದಾಗ ಹಿಡಿದು, ಎರಡು ವಾರ ಹೊರಗೆ ಕೂರಿಸಿದ್ದ.

ಫೆಬ್ರವರಿಯಲ್ಲಿ ಅದೇ ಕ್ಲಿಫ್‌ನ ತಂಡದ ಮೇಲೆ ಪಂದ್ಯ. ಹಾರ್ಲನ್ ಹೊಸ ಚೆಂಡು ತಂದಿದ್ದ. ದ್ರಾಕ್ಷಾರಸದ ಬಣ್ಣ, ಮುಖ ನೋಡಿಕೊಳ್ಳುವಷ್ಟು ಹೊಳಪು. ಮೊದಲ ಆಟದಲ್ಲಿ ಅದು ತಿರುಗಲೇ ಇಲ್ಲ. ಬೆಣ್ಣೆಯ ಮೇಲಿನ ಗೋಲಿಯಂತೆ ಜಾರಿಹೋಗಿ, ಪ್ರತಿ ಸಲವೂ ಮೂರೋ ನಾಲ್ಕೋ ಪಿನ್ನುಗಳನ್ನು ನಿಂತಲ್ಲೇ ಬಿಟ್ಟು ಹಿಂದಿನ ಹಳ್ಳಕ್ಕೆ ಬಿತ್ತು.

"ಅಧ್ಯಕ್ಷರೇ, ಚೆಂಡು ಚೆನ್ನಾಗಿದೆ ಕಣ್ರೀ. ಷೋಕೇಸಲ್ಲಿಡಿ," ಎಂದ ಕ್ಲಿಫ್.

ಎರಡು ಆಟಗಳ ನಡುವೆ ಎಲ್ಲರೂ ಕರಿದ ಚೀಸಿನ ತಟ್ಟೆಗೆ ಮುತ್ತಿಕೊಂಡಾಗ ಹಾರ್ಲನ್ ಚೆಂಡನ್ನು ಚೀಲಕ್ಕೆ ಹಾಕಿಕೊಂಡು ಶೌಚಾಲಯಕ್ಕೆ ನಡೆದ. ಚೀಲದ ತಳದಲ್ಲಿ ಸಾವಿರದ ನಂಬರಿನ ಉಜ್ಜುಪಟ್ಟಿಯಿತ್ತು. ಬಾಗಿಲು ಹಾಕಿ, ಚೆಂಡನ್ನು ತೊಡೆಗಳ ನಡುವೆ ಇಟ್ಟುಕೊಂಡು, ಕಣ್ಣು ಮುಚ್ಚಿ ಉಜ್ಜತೊಡಗಿದ. ಕರ್ರ್, ಕರ್ರ್.

ಹೊರಗಿನ ಬಾಗಿಲು ತೆರೆಯಿತು.

"ಯಾರದು? ಹಾರ್ಲನ್ನಾ? ಏನೋ ಅದು ಸದ್ದು?" ಕ್ಲಿಫ್‌ನ ದನಿ.

ಹಾರ್ಲನ್‌ನ ಬಾಯಿಗೆ ಬಂದದ್ದು ಒಂದು ನರಳಿಕೆ. "ಕಲ್ಲು... ಕಿಡ್ನಿ ಕಲ್ಲು ಕಣೋ."

"ಅಯ್ಯೋ ಮಾರಾಯ! ಆ ಪಾಟಿ ಹಲ್ಲು ಕಡೀತಿದೀಯಾ? ನಂಗೂ ಎರಡ್ಸಲ ಬಂದಿತ್ತು. ಹೆರಿಗೆ ನೋವು ಏನೂ ಅಲ್ಲ ಅದರ ಮುಂದೆ." ಕ್ಲಿಫ್ ಬಾಗಿಲ ಕೆಳಗೆ ಬಗ್ಗಿ ನೋಡಿದ. "ಚೆಂಡ್ಯಾಕೆ ಒಳಗೆ?"

"ತಣ್ಣಗಿರುತ್ತೆ. ಸೊಂಟಕ್ಕೆ ಒತ್ಕೊಂಡಿದೀನಿ."

ಕ್ಲಿಫ್ ಕೈಯನ್ನೂ ತೊಳೆಯದೆ ಹೊರಗೋಡಿದ. ಹಾರ್ಲನ್ ಹೊರಗೆ ಬರುವಷ್ಟರಲ್ಲಿ ಹನ್ನೆರಡು ಓಣಿಗಳೂ ಸ್ತಬ್ಧವಾಗಿದ್ದವು. ಆಂಬುಲೆನ್ಸ್ ಕರೆಯೋಣವೇ ಎಂದರು. ಬೇಡ, ತಂಡವನ್ನು ನಡುನೀರಿನಲ್ಲಿ ಬಿಟ್ಟು ಹೋಗಲಾರೆ ಎಂದ ಅವನು. ನಾಲ್ಕು ಜನ ಕಣ್ಣೊರೆಸಿಕೊಂಡರು. ಆಮೇಲೆ ಚೆಂಡು ಹೇಳಿದ ಮಾತು ಕೇಳಿತು. ಸರಿಯಾದ ಜಾಗದಲ್ಲಿ ಓಣಿಯನ್ನು ಕಚ್ಚಿ, ಬಾಗಿ, ಹತ್ತೂ ಪಿನ್ನುಗಳನ್ನು ಗುಡಿಸಿ ಹಾಕಿತು. ಪೂರ್ಣ ಅಂಕ ಮುನ್ನೂರಕ್ಕೆ ಇನ್ನೂರ ಐವತ್ತೆಂಟು! ಜೀವಮಾನದಲ್ಲೇ ಅವನ ಅತಿ ದೊಡ್ಡ ಆಟ. ಪ್ರತಿ ಎಸೆತದ ನಂತರವೂ ಸೊಂಟ ಹಿಡಿದುಕೊಳ್ಳುವುದನ್ನು ಅವನು ಮರೆಯಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ವರ್ನಾ ಕೇಳಿದಳು: "ಕಲ್ಲು ಎಡಗಡೆಗೋ ಬಲಗಡೆಗೋ? ಎರಡೂ ಕಡೆ ಹಿಡ್ಕೊತಿದ್ರಿ. ಒಂದು ಅಂತ ತೀರ್ಮಾನ ಮಾಡ್ಕೊಳ್ಳಿ."

ಅವನು ರೇಡಿಯೋದ ಸದ್ದು ಏರಿಸಿದ. ಅವಳು ಮತ್ತೆ ಕೆದಕಲಿಲ್ಲ.

ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಅವನ ಹೆಸರು ಹಿಡಿದು ಪ್ರಾರ್ಥಿಸಿದರು. ಮನೆಗೆ ಕಾರ್ಡುಗಳು ಬಂದವು, ಕಿಡ್ನಿಗೆ ಒಳ್ಳೆಯದೆಂದು ಕ್ಲಿಫ್ ಒಂದು ಪೆಟ್ಟಿಗೆ ಕ್ರ್ಯಾನ್‌ಬೆರಿ ಹಣ್ಣಿನ ರಸ ತಂದಿಟ್ಟ. ಕೂಟದ ಲೆಕ್ಕ ಬರೆಯುತ್ತಿದ್ದ ವಿಧವೆ ಬರ್ನಡೆಟ್ ಕುಚಾರ್ ಕೋಳಿ, ತರಕಾರಿ ಹಾಕಿ ದಿನವಿಡೀ ಕುದಿಸಿದ ಬೂಯಾ ಸಾರಿನ ದೊಡ್ಡ ಪಾತ್ರೆಯನ್ನು ಹಿಮ ಸುರಿಯುವ ರಸ್ತೆಯಲ್ಲಿ ತಂದಳು. ಎದುರಿಗೆ ಕೂತು ಅವನಿಗೆ ಬಡಿಸಿದಳು. ಅವಳ ಗಂಡ ಎಮಿಲ್ ಮೂರು ವರ್ಷದ ಹಿಂದೆ ತೀರಿಕೊಂಡದ್ದು ಕಿಡ್ನಿಯಿಂದಲೇ. ಕೊನೆಯ ವಾರ ಅವನು ತನ್ನನ್ನು ಗುರುತು ಹಿಡಿಯಲಿಲ್ಲ, ತಾಯಿಯೆಂದುಕೊಂಡು ಮಾತಾಡುತ್ತಿದ್ದ, ತಾನೂ ತಾಯಿಯಂತೆಯೇ ಉತ್ತರ ಕೊಡುತ್ತಿದ್ದೆ ಎಂದು ಮೆಲ್ಲಗೆ ಹೇಳಿದಳು. ಹಾರ್ಲನ್ ಚಮಚದಲ್ಲಿದ್ದ ಕೋಳಿಯ ತುಂಡನ್ನು ಬಟ್ಟಲಿಗೆ ವಾಪಸು ಹಾಕಿದ.

ಏಪ್ರಿಲ್‌ನ ವಾರ್ಷಿಕ ಭೋಜನದಲ್ಲಿ ಅವನಿಗೊಂದು ಫಲಕ ಕೊಟ್ಟರು. 'ಅಪ್ರತಿಮ ಧೈರ್ಯಕ್ಕಾಗಿ' ಎಂದು ಕೆತ್ತಿಸಿದ್ದರು. ಹಾರ್ಲನ್ ಮೈಕು ಹಿಡಿದು ನಿಂತ, ಆಮೇಲೆ ಎಲ್ಲವನ್ನೂ ಹೇಳಿಬಿಟ್ಟ. ಕಲ್ಲಿರಲಿಲ್ಲ. ಚೆಂಡು ಉಜ್ಜುತ್ತಿದ್ದೆ. ರಾಜೀನಾಮೆ ತಗೊಳ್ಳಿ.

ಕ್ಲಿಫ್ ಎದ್ದು ನಿಂತ. ಬೈಗುಳಕ್ಕೆ ಹಾರ್ಲನ್ ಕುತ್ತಿಗೆ ತಗ್ಗಿಸಿದ.

"ಎಷ್ಟನೇ ನಂಬರ್ ಪಟ್ಟಿ?"

"...ಸಾವಿರದ್ದು."

"ಒದ್ದೆ ಮಾಡಿ ಉಜ್ಜಿದ್ಯೋ, ಒಣಗೋ?"

"ಒಣಗೇ ಕಣೋ. ನಲ್ಲಿ ಬಿಟ್ರೆ ಸದ್ದಾಗುತ್ತೆ ಅಂತ."

"ಅಯ್ಯೋ, ಒದ್ದೆ ಮಾಡಿದ್ರೆ ಮುನ್ನೂರು ಹೊಡೀತಿದ್ದೆ!" ಎಂದರು ಯಾರೋ ಹಿಂದಿನ ಮೇಜಿನಿಂದ. ಇನ್ನೊಬ್ಬ, ಸಾವಿರದ್ದು ಜಾಸ್ತಿ ತರಿ, ತಾನು ಎರಡು ಸಾವಿರದ್ದನ್ನು ಬಿಯರ್ ತರುವ ನೆಪದಲ್ಲಿ ಉಜ್ಜುತ್ತೇನೆ ಎಂದ. ಪಾದ್ರಿಗಳ ತಮ್ಮ ತಾನು ಕೋಟಿನೊಳಗೇ ಮುಗಿಸುತ್ತೇನೆ ಎಂದ. ಅರ್ಧ ಗಂಟೆಯಲ್ಲಿ ಗೊತ್ತಾದದ್ದೇನೆಂದರೆ, ಇಡೀ ಕೂಟದಲ್ಲಿ ಏಳನೆಯ ನಿಯಮವನ್ನು ಅಷ್ಟು ದಿನ ಪಾಲಿಸಿದವನು ಹಾರ್ಲನ್ ಒಬ್ಬನೇ. ರಾಜೀನಾಮೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಫಲಕದ ಅಕ್ಷರ ಅಳಿಸಲಾಗದು, ಧೈರ್ಯ ಹೇಗೂ ಇತ್ತಲ್ಲ ಎಂದು ಕೈಗಿತ್ತು, ಅವನನ್ನೇ ಮತ್ತೆ ಅಧ್ಯಕ್ಷನನ್ನಾಗಿ ಆರಿಸಿದರು.

ಬರ್ನಡೆಟ್ ಮಾತ್ರ ಕೋಟು ತೊಟ್ಟು ಹೊರಟುಹೋಗಿದ್ದಳು.

ಶನಿವಾರ ಅವನು ತಿಕ್ಕಿ ತೊಳೆದ ಪಾತ್ರೆ ಹಿಡಿದು ಅವಳ ಬಾಗಿಲಲ್ಲಿ ನಿಂತ.

"ಚೆಂಡಿನ ವಿಷಯ ಬಿಡು," ಎಂದಳು. "ಎಮಿಲ್ ನನ್ನನ್ನ ಅಮ್ಮ ಅಂತ ಕರೀತಿದ್ದದ್ದು, ಅದನ್ನ ನಾನು ಮಕ್ಕಳಿಗೂ ಹೇಳಿರ್ಲಿಲ್ಲ ಹಾರ್ಲನ್. ನಿಂಗೆ ಹೇಳ್ದೆ."

ಅವನು ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟ. "ನಾನೇನು ಮಾಡ್ಲಿ, ಹೇಳು."

ಅವಳು ಪಾತ್ರೆ ಎತ್ತಿಕೊಂಡಳು. "ಚಳಿ ತಡೆಯೋಕೆ ಕಿಟಕಿ ಮೇಲೆ ಹಾಕೋ ಗಾಜಿನ ಹೊರಗಿಟಕಿಗಳು ಇನ್ನೂ ಹಾಗೇ ಇವೆ. ಬೇಸಿಗೆಗೆ ಎಮಿಲ್ ಇಳಿಸ್ತಿದ್ದ. ಹದಿನಾಲ್ಕಿವೆ. ಏಣಿ ಗ್ಯಾರೇಜಲ್ಲಿದೆ."

ಹಾರ್ಲನ್ ಹದಿನಾಲ್ಕನ್ನೂ ಇಳಿಸಿದ. ಪ್ರತಿ ಚೌಕಟ್ಟಿನ ಅಂಚಿನಲ್ಲೂ ಎಮಿಲ್ ಪೆನ್ಸಿಲಿನಲ್ಲಿ ಅದು ಯಾವ ಕೋಣೆಯದೆಂದು ಬರೆದಿಟ್ಟಿದ್ದ. ಆ ಅಕ್ಷರಕ್ಕೆ ಕೈ ತಾಗದಂತೆ ಹಿಡಿದು, ಒಂದೊಂದನ್ನೂ ಗ್ಯಾರೇಜಿನ ಗೋಡೆಗೆ ಒರಗಿಸಿದ. ಬರ್ನಡೆಟ್ ಕಾಫಿಗೆ ಕರೆಯಲಿಲ್ಲ. ಅವನು ಕಾರು ಹತ್ತುವಾಗ ಮೆಟ್ಟಿಲ ಮೇಲೆ ನಿಂತು, "ಅಕ್ಟೋಬರಲ್ಲಿ ಮತ್ತೆ ಹಾಕ್ಬೇಕು," ಎಂದಳಷ್ಟೆ.

"ಬರ್ತೀನಿ," ಎಂದ ಹಾರ್ಲನ್.