ಆರನೆಯದು

ಅಪ್ಪನಿಗೆ ಮರೆತುಹೋಗಿದೆಯೋ, ಅಥವಾ ಹೇಳಲು ಮನಸ್ಸೇ ಇಲ್ಲವೋ? ಮರೆವಿಗೆ ಇಂಥದ್ದೇ ಎಂಬ ಆಯ್ಕೆ ಇರಬಾರದು. ಅದು ಒಂದು ದಿನ ಎರಡನೆಯದನ್ನು ನುಂಗಬೇಕು, ಇನ್ನೊಂದು ದಿನ ನಾಲ್ಕನೆಯದನ್ನು. ಅಪ್ಪ ಹಾಗಲ್ಲ. ಅಲ್ಲಾಹನಲ್ಲಿ, ಅವನ ದೂತರಾದ ದೇವಚರರಲ್ಲಿ, ಗ್ರಂಥಗಳಲ್ಲಿ, ಪ್ರವಾದಿಗಳಲ್ಲಿ, ಅಂತ್ಯದಿನದಲ್ಲಿ ನಂಬಿಕೆ ಎಂದು ತಪ್ಪಿಲ್ಲದೆ ಹೇಳಿಕೊಂಡು ಬಂದು, ಅಲ್ಲಿ ನಿಂತುಬಿಡುತ್ತಾರೆ. ಒಳಿತಾಗಲಿ ಕೆಡುಕಾಗಲಿ ಎಲ್ಲವೂ ಅವನ ವಿಧಿ ಎಂಬ ಆರನೆಯ ಮಾತು ಬರುವುದಿಲ್ಲ. ದಿನವೂ ಅದೇ ಜಾಗ.

ಮದರಸದ ಕಪ್ಪುಹಲಗೆ ಒರೆಸುತ್ತ ಮಗ ಇದನ್ನೇ ಯೋಚಿಸುತ್ತಿದ್ದ. ಅದು ಅಪ್ಪ ಪಾಠ ಹೇಳುತ್ತಿದ್ದ ಕೋಣೆ. ಊರಿಗೆ ಅವರು ದೊಡ್ಡ ಉಸ್ತಾದರು, ಇವನು ಚಿಕ್ಕ ಉಸ್ತಾದ. ಅದೇ ಈಮಾನಿನ, ಅಂದರೆ ನಂಬಿಕೆಯ ಪಾಠ, ಅಪ್ಪನದೇ ಉಪಾಯ. ಐದು ನಂಬಿಕೆಗಳಿಗೆ ಐದು ಬೆರಳು ಒಂದೊಂದಾಗಿ ಬಿಡಿಸಬೇಕು. ಆರನೆಯದಕ್ಕೆ ಬೆರಳು ಉಳಿದಿರುವುದಿಲ್ಲ, ಆಗ ಎಲ್ಲವನ್ನೂ ಮಡಚಿ ಮುಷ್ಟಿ ಹಿಡಿಯಬೇಕು. ಐದನ್ನೂ ಹಿಡಿದಿಡುವುದು ಆರನೆಯದು, ಅದು ಸಡಿಲವಾದರೆ ಉಳಿದವೂ ಸೋರಿಹೋಗುತ್ತವೆ ಎಂದು ಅಪ್ಪ ಹೇಳುತ್ತಿದ್ದರು. ಆ ಬೆಳಿಗ್ಗೆಯೂ ತರಗತಿಯ ಮುಂದೆ ಅವನು ಮುಷ್ಟಿ ಹಿಡಿದು ತೋರಿಸಿದ್ದ. ಅದು ಬರಿಯ ಮುಷ್ಟಿಯೆಂದು ಅವನಿಗೊಬ್ಬನಿಗೇ ಗೊತ್ತಿತ್ತು.

ಅಪ್ಪನಿಗೆ ಈಗ ಬಚ್ಚಲಮನೆಯ ದಾರಿ ತಿಳಿಯುವುದಿಲ್ಲ. ಅಂಗಿಯ ಗುಂಡಿ ಒಂದು ಕಾಜ ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ. ಅಮ್ಮನನ್ನು ಒಮ್ಮೊಮ್ಮೆ ತಂಗಿಯೇ ಎನ್ನುತ್ತಾರೆ. ಅಮ್ಮನ ಚಿಂತೆ ಅದಲ್ಲ. ಗೋರಿಯಲ್ಲಿ ಇಬ್ಬರು ದೇವಚರರು ಬಂದು ಪ್ರಶ್ನೆ ಕೇಳುವಾಗ ಇವರು ತಡಬಡಿಸಿದರೆ ಏನು ಗತಿ ಎಂಬುದೇ ಅವಳ ಚಿಂತೆ. ಬುದ್ಧಿ ಕಳೆದುಕೊಂಡವರ ಮೇಲೆ ಯಾವ ಹೊಣೆಯೂ ಇಲ್ಲ, ಅವರ ಪಾಪಪುಣ್ಯ ಬರೆಯುವ ಲೇಖನಿ ಎತ್ತಿಟ್ಟಾಗಿದೆ ಎಂದು ಅವನು ಕಲಿತದ್ದನ್ನೆಲ್ಲ ವಿವರಿಸಿದ್ದ. ಅಮ್ಮ ಪೂರ್ತಿ ಕೇಳಿದಳು.

"ಶಿಕ್ಷೆ ಆಗಲ್ಲ, ಒಪ್ಕೊಂಡೆ. ಆದರೆ ಊರಿಗೆಲ್ಲ ಹೇಳ್ಕೊಟ್ಟ ಮನುಷ್ಯ. ಆ ಇಬ್ಬರ ಮುಂದೆ ಬಾಯಿ ಬಿಡ್ದೆ ನಿಂತ್ರೆ ನಾಚಿಕೆ ಆಗಲ್ವೇನೋ ಅವರಿಗೆ?"

ಅಂದಿನಿಂದ ದಿನವೂ ಮದರಸ ಮುಗಿದ ಮೇಲೆ ಅಪ್ಪನಿಗೆ ಪಾಠ.

ಆ ದಿನ ಮನೆಗೆ ಕ್ಷೌರಿಕ ಬಂದಿದ್ದ. ಅವನೂ ಅಪ್ಪನ ಹಳೆಯ ವಿದ್ಯಾರ್ಥಿ. ಅಪ್ಪನ ತರಗತಿಯಲ್ಲಿ ಪಕ್ಕದವನಿಗೆ ಪಿಸುಮಾತಿನಲ್ಲಿ ಉತ್ತರ ಹೇಳಿಕೊಡುವುದು ದೊಡ್ಡ ಅಪರಾಧವಾಗಿತ್ತು. ಹೇಳಿಕೊಟ್ಟವನೂ ನಿಲ್ಲಬೇಕು, ಹೇಳಿಸಿಕೊಂಡವನೂ ನಿಲ್ಲಬೇಕು. ಅದನ್ನು ನೆನೆದು ಕ್ಷೌರಿಕ ನಕ್ಕ. "ನಾನು ಈಮಾನಿನ ಪಾಠ ಪೂರ್ತಿ ನಿಂತೇ ಕಲಿತವ್ನು, ಉಸ್ತಾದ್. ನೋಡಿ, ಈಗಲೂ ನಿಂತೇ ದುಡೀತಿದ್ದೀನಿ."

ಅಪ್ಪನೂ ನಕ್ಕರು, ಅರ್ಥವಾಯಿತೋ ಇಲ್ಲವೋ. ಕ್ಷೌರಿಕ ಹೋದ ಮೇಲೆ ಪಾಠ ಶುರುವಾಯಿತು. ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ಐದೂ ಆಯಿತು. ಅಗಲಿಸಿದ ಅಂಗೈಯನ್ನು ಅಪ್ಪ ಬೇರೆ ಯಾರದೋ ಎಂಬಂತೆ ನೋಡುತ್ತ ಕುಳಿತರು. ಬಾಗಿಲಲ್ಲಿದ್ದ ಅಮ್ಮನಿಗೆ ತಡೆಯಲಾಗಲಿಲ್ಲ. "ವಿಧಿ," ಎಂದು ಪಿಸುಗುಟ್ಟಿದಳು.

"ಯಾರದು ಹೇಳ್ಕೊಡ್ತಿರೋದು? ಎದ್ದು ನಿಂತ್ಕೊಳ್ಳಿ."

ಎಷ್ಟೋ ತಿಂಗಳಿಂದ ಕೇಳದ ದನಿ. ಅಮ್ಮ ನಿಂತೇ ಇದ್ದಳು, ಸೆರಗು ಸರಿಮಾಡಿಕೊಂಡಳು. ಗಡ್ಡಕ್ಕೆ ನರೆ ಬಂದಿದ್ದ ಅವನೂ ತನಗೇ ಅರಿವಿಲ್ಲದೆ ಎದ್ದು ನಿಂತ. ಅಪ್ಪ ಅವನತ್ತ ಗದ್ದವೆತ್ತಿದರು.

"ನೀನು ಹೇಳು."

ಅವನು ಬೆರಳು ಬಿಡಿಸುತ್ತ ಐದು ಹೇಳಿದ. ಆರನೆಯದು ನಾಲಿಗೆಯ ತುದಿಯಲ್ಲೇ ಇತ್ತು. ಅದೇ ಬೆಳಿಗ್ಗೆ ಹೇಳಿದ್ದ. ಈಗ ಎದುರಿಗೆ ತಪ್ಪಾಗಿ ಹಾಕಿದ ಗುಂಡಿಗಳಿದ್ದವು, ಕ್ಷೌರಿಕ ಬಿಟ್ಟುಹೋದ ಸೋಪಿನ ನೊರೆ ಕಿವಿಯ ಹಿಂದೆ ಒಣಗುತ್ತಿತ್ತು. ಇದೂ ಅಲ್ಲಾಹನ ವಿಧಿ ಎಂದು ಈ ಮುಖಕ್ಕೆ ಹೇಳಬೇಕು. ಬೆರಳುಗಳು ಮಡಚಿಕೊಳ್ಳಲಿಲ್ಲ.

"ಗೊತ್ತಿಲ್ವಾ?"

"ಗೊತ್ತು."

"ಮತ್ತೆ?"

ಅಪ್ಪ ಅವನನ್ನೇ ದಿಟ್ಟಿಸಿದರು. ಆ ನೋಟದಲ್ಲಿ ಗುರುತಿತ್ತೇ, ಇಲ್ಲವೇ, ಅವನಿಗೆ ಎಂದೂ ತಿಳಿಯಲಿಲ್ಲ. ಆಮೇಲೆ ಅಪ್ಪ ಅಮ್ಮನ ಕಡೆ ತಿರುಗಿ, ಯಾರೋ ಹುಡುಗನ ಪರವಾಗಿ ಅವನ ತಾಯಿಯ ಹತ್ತಿರ ಮಾತಾಡುವಂತೆ, ಮೆತ್ತಗೆ ಹೇಳಿದರು.

"ಬೈಬೇಡಮ್ಮ. ಅವನಿಗೆ ಬರತ್ತೆ. ನಾಳೆ ಹೇಳ್ತಾನೆ."

ಆ ನಾಳೆಗಳು ಹೆಚ್ಚು ಉಳಿದಿರಲಿಲ್ಲ. ಆ ವಾರವೇ ಅಪ್ಪನಿಗೆ ಜ್ವರ ಬಂತು, ಎದೆಗಿಳಿಯಿತು, ಮುಗಿಯಿತು. ಅಪ್ಪನನ್ನು ಹೊತ್ತ ಜನಾಜ ಹೊರಡುವ ಮುಂಚೆ ಅಮ್ಮ ಅವನ ಕೈ ಹಿಡಿದು ಒಂದೇ ಮಾತು ಕೇಳಿಕೊಂಡಳು. ಮಣ್ಣು ಮುಚ್ಚಿದ ಮೇಲೆ ಒಬ್ಬರು ತಲೆಯ ಬಳಿ ಕುಳಿತು, ಸತ್ತವರಿಗೆ ಉತ್ತರಗಳನ್ನು ನೆನಪಿಸುವುದುಂಟು. ಅದನ್ನು ನೀನೇ ಮಾಡು. ಆರನೆಯದನ್ನೂ ಸೇರಿಸಿ ಹೇಳು, ಅದೊಂದೇ ಅವರಿಗೆ ಬರುತ್ತಿರಲಿಲ್ಲ ಎಂದಳು.

ಎಲ್ಲರೂ ಮಣ್ಣು ಹಾಕಿ ಹಿಂದೆ ಸರಿದರು. ಅವನು ಮಂಡಿಯೂರಿ ಕುಳಿತ. ಜೀವನವಿಡೀ ಪಿಸುಗುಟ್ಟಿ ಹೇಳಿಕೊಡುವುದನ್ನು ಒಪ್ಪದ ಮನುಷ್ಯನಿಗೆ ಈಗ ಹೇಳಿಕೊಡಬೇಕಾಗಿತ್ತು. ಎದ್ದು ನಿಂತ್ಕೋ ಎಂಬ ದನಿ ಕೇಳಿದ್ದರೆ ಅವನು ಎದ್ದು ನಿಲ್ಲುತ್ತಿದ್ದ. ಕೇಳಲಿಲ್ಲ. ನಿನ್ನ ಒಡೆಯ ಯಾರು, ನಿನ್ನ ಧರ್ಮ ಯಾವುದು, ನಿನ್ನ ಪ್ರವಾದಿ ಯಾರು, ಎಲ್ಲವನ್ನೂ ಸ್ಪಷ್ಟವಾಗಿ ನೆನಪಿಸಿದ. ಆಮೇಲೆ ಹಸಿಮಣ್ಣಿನ ಮೇಲೆ ಕೈಯಿಟ್ಟು ಐದು ನಂಬಿಕೆಗಳನ್ನು ಹೇಳಿದ. ಐದು ಬೆರಳುಗಳ ಗುರುತು ಮಣ್ಣಿನಲ್ಲಿ ಮೂಡಿತು. ಹಿಂದೆ ನಿಂತಿದ್ದ ಕ್ಷೌರಿಕ ಇನ್ನೂ ಇದೆ ಎಂಬಂತೆ ಕಾಯುತ್ತಿದ್ದ. ಚಿಕ್ಕ ಉಸ್ತಾದ ಕೈ ಒರೆಸಿಕೊಂಡು ಎದ್ದ.

ಮನೆಯಲ್ಲಿ ಅಮ್ಮ ಕೇಳಿದ್ದು ಒಂದೇ. "ಹೇಳಿದ್ಯಾ?"

ಅವನು ಹೌದೆಂಬಂತೆ ತಲೆಯಾಡಿಸಿದ. ಅಮ್ಮ ಅಂದು ಮೊದಲ ಬಾರಿಗೆ ಗೋಡೆಗೊರಗಿ ಕಣ್ಣು ಮುಚ್ಚಿದಳು.

ಮರುವಾರ ಅವನು ಮತ್ತೆ ತರಗತಿಗೆ ಹೋದ, ಮಕ್ಕಳ ಮುಂದೆ ಮುಷ್ಟಿ ಹಿಡಿದು ಆರನ್ನೂ ಹೇಳಿಕೊಟ್ಟ. ಅಪ್ಪನಿಗೆ ಮಾತ್ರ ಆರನೆಯದನ್ನು ಅವನು ಹೇಳಲಿಲ್ಲ, ಹೇಳಲಿಲ್ಲ ಎಂಬುದನ್ನು ಅಮ್ಮನಿಗೂ ಹೇಳಲಿಲ್ಲ.