ಬ್ರೋನಿಯ ಪಕ್ಕದ ಜಾಗ

ಅಮೆರಿಕನ್ ಫುಟ್‌ಬಾಲ್ ತಂಡದ ಆಯ್ಕೆ ಶಿಬಿರದ ಕೊನೆಯ ಬೆಳಗ್ಗೆ ಯಾರಾದರೂ ಬಾಗಿಲು ಬಡಿದರೆ ಎದೆ ಧಸಕ್ಕೆನ್ನುತ್ತದೆ. "ಕೋಚ್ ಕರೀತಿದಾರೆ, ಆಟದ ಪುಸ್ತಕ ತಗೊಂಡ್ ಬಾ" ಅಂದರೆ ಮುಗಿಯಿತು. ತಂಡದ ತಂತ್ರಗಳಿರುವ ಆ ಪುಸ್ತಕ ಒಪ್ಪಿಸಿ ಊರಿನ ಬಸ್ಸು ಹಿಡಿಯಬೇಕು. ೧೯೫೪ರಲ್ಲಿ, ಓಹಾಯೋದಲ್ಲಿ, ಕೋಚ್ ಸಹಾಯಕ ಪೀಟ್ ನಮ್ಮ ಕೋಣೆಗೆ ಬಂದ.

"ಎಮಿಲ್, ನೀನು," ಅಂದ ನನಗೆ, ನೆಲ ನೋಡುತ್ತ.

ನನ್ನ ಕೋಣೆಯ ಜೊತೆಗಾರ ಬ್ರೋನಿ ಕನ್ನಡಿಯೆದುರು ಗಡ್ಡ ಹೆರೆಯುತ್ತಿದ್ದ. ಬಾಗಿಲು ಬಡಿದದ್ದು ಅವನಿಗೆ ಕೇಳಿರಲಿಲ್ಲ. ವರ್ಷಗಟ್ಟಲೆ ತಲೆಗೆ ತಲೆ ಗುದ್ದಿ ಅವನ ಕಿವಿಗಳೆರಡೂ ಹೋಗಿದ್ದವು. ತುಟಿ ನೋಡಿ ಮಾತು ತಿಳಿಯುತ್ತಿದ್ದ, ಹಾಗಾಗಿ ನನ್ನೊಬ್ಬನ ಹೊರತು ಯಾರಿಗೂ ಅದು ಗೊತ್ತಿರಲಿಲ್ಲ. ಚೆಂಡು ಆಟಕ್ಕಿಳಿಸುವಾಗ ನಮ್ಮವನೊಬ್ಬ ಕೂಗುವ ಎಷ್ಟನೆಯ ಕೂಗಿಗೆ ನುಗ್ಗಬೇಕೆಂದು ಮೊದಲೇ ಹೇಳಿರುತ್ತಾರೆ, ಸರಿ. ಕೂಗೇ ಕೇಳದವನು ಏನು ಮಾಡಬೇಕು? ಪಕ್ಕದಲ್ಲಿ ನೆಲಕ್ಕೆ ಕೈಯೂರಿ ಬಗ್ಗಿರುತ್ತಿದ್ದ ನಾನು ಕಿರುಬೆರಳು ಎತ್ತುತ್ತಿದ್ದೆ, ಅವನು ಗೂಳಿಯ ಹಾಗೆ ನುಗ್ಗುತ್ತಿದ್ದ. ಅವನನ್ನು ಕಳಿಸಿ ನಾನು ಏಳುವಷ್ಟರಲ್ಲಿ ಒಂದು ಚೂರು ತಡ. ಆ ತಡ ಕೋಚ್ ಲಾಥ್ರಪ್ ಕಣ್ಣಿಗೆ ಬಿದ್ದಿತ್ತು.

ಪುಸ್ತಕ ನನ್ನ ಕೈಯಲ್ಲಿರುವುದನ್ನು ಬ್ರೋನಿ ಕನ್ನಡಿಯಲ್ಲಿ ಕಂಡು ತಿರುಗಿದ.

"ಊರಿಗೆ ಹೊರಟೆ ಕಣೋ," ಅಂದೆ. "ನನ್ನ ಜಾಗಕ್ಕೆ ಬರೋವ್ನಿಗೆ ಬೆರಳಿನ ವಿಷಯ ಹೇಳಿರ್ತೀನಿ. ನೀನು ಬಾಯಿ ಮುಚ್ಕೊಂಡು ಆಡು."

ಅರ್ಧ ಮುಖದ ಸೋಪು ಹಾಗೇ ಇರುವಾಗಲೇ ಅವನು ಕೋಚ್ ಕೋಣೆಗೆ ದಾಪುಗಾಲು ಹಾಕಿದ. ನಾನು ಹಿಂದೆ ಓಡಿದೆ.

"ಇವನು ತಡ ಮಾಡಿದ್ದು ನನ್ನಿಂದ ಕೋಚ್. ನಂಗೆ ಕಿವಿ ಕೇಳಲ್ಲ."

"ಇವನಿಗೆ ತಲೆ ಕೆಟ್ಟಿದೆ, ನಂಬಬೇಡಿ!" ಅಂದೆ ನಾನು.

ಕೋಚ್ ಕಿಟಕಿಯತ್ತ ಮುಖ ತಿರುಗಿಸಿ ಮೆಲ್ಲಗೆ ಕೇಳಿದರು: "ಬ್ರೋನಿ, ಮನೇಲಿ ಹೆಲೆನ್ ಚೆನ್ನಾಗಿದಾಳೇನಪ್ಪ?"

ಬ್ರೋನಿ ಅವರ ಬೆನ್ನನ್ನೇ ನೋಡುತ್ತ ನಿಂತಿದ್ದ, ತನ್ನ ಮಾತಿಗೆ ಅವರ ಉತ್ತರ ಕಾಯುತ್ತ.

ಕೋಚ್ ಇತ್ತ ತಿರುಗಿದಾಗ ಅವರ ಕಣ್ಣು ಒದ್ದೆಯಾಗಿತ್ತು. "ಇನ್ನೊಂದು ಗುದ್ದು ಬಿದ್ರೆ ನಿನ್ನ ಹೆಂಡ್ತಿಗೆ ನಾನೇನು ಹೇಳ್ಲಿ? ಎಮಿಲ್, ಗೊತ್ತಿದ್ದೂ ಮುಚ್ಚಿಟ್ಟೆ, ನೀನೂ ಬೇಡ. ಇಬ್ರೂ ಪುಸ್ತಕ ಇಟ್ಟು ಹೋಗಿ," ಅಂದರು.

ಬಸ್ ನಿಲ್ದಾಣದಲ್ಲಿ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಕತ್ತೆ! ನೀನು ಇನ್ನೆರಡು ವರ್ಷ ಆಡ್ತಿದ್ದೆ. ಬಾಯಿ ಬಿಡು ಅಂತ ನಿಂಗ್ಯಾರು ಹೇಳಿದ್ರು?"

ಅವನು ಕೆನ್ನೆಯ ಮೇಲೆ ಒಣಗಿದ ಸೋಪು ಕೆರೆದುಕೊಂಡ.

"ನಾನು ಹೋದ್ರೂ ನೀನು ಉಳೀತೀಯ ಅಂದ್ಕೊಂಡೆ ಕಣೋ."