ಅರ್ಚನಳ ಎಡಗೆನ್ನೆ

ಅರ್ಚನ ನೇರ ನೋಡುತ್ತಾ ತೆಗೆಸಿಕೊಂಡ ಒಂದು ಫೋಟೊ ಕೂಡ ಇರಲಿಲ್ಲ.

ಹುಟ್ಟಿದಾಗಿನಿಂದ ಎಡಗೆನ್ನೆಯ ಮೇಲೆ ಅರ್ಧ ವೀಳ್ಯದೆಲೆಯಷ್ಟು ಕಪ್ಪು ಮಚ್ಚೆ. ಕ್ಯಾಮೆರಾ ಕಂಡರೆ ಕತ್ತು ತಾನಾಗಿ ತಿರುಗುತ್ತಿತ್ತು. ಅಣ್ಣ ವೆಂಕಿಯ ಮದುವೆ ಗೊತ್ತಾದಾಗ ಅವಳಿಗೆ ಒಂದೇ ಆಸೆ: ಅವನ ಪಕ್ಕದಲ್ಲಿ ನೆಟ್ಟಗೆ ನಿಲ್ಲಬೇಕು.

ರಾಬರ್ಟ್‌ಸನ್‌ಪೇಟೆಯ ಬ್ಯೂಟಿ ಪಾರ್ಲರೊಂದರಲ್ಲಿ ಮಚ್ಚೆ ತೆಗೆಯಲು ಲೇಸರ್ ಮಾಡಿಸಿಕೊಂಡು ಬಂದಳು. ಅಲ್ಲಿ ಡಾಕ್ಟರು ಇರಲಿಲ್ಲ. ಬಿಸಿಲಲ್ಲಿ ದುಡಿಯುತ್ತೀಯಾ ಎಂದು ಯಾರೂ ಕೇಳಲಿಲ್ಲ. ಮರುದಿನ ಮುಯ್ಯಾಳಿಗೆ ಹೋಗುವ ಸರದಿ. ಪಕ್ಕದ ಹೊಲದ ಚಿಕ್ಕವೆಂಕಟಮ್ಮ ಇವರ ಹೊಲಕ್ಕೆ ಬಂದು ದುಡಿದಿದ್ದಳು, ಬದಲಿಗೆ ಇವಳು ಹೋಗಲೇಬೇಕು. ಮುಯ್ಯಿ ತಪ್ಪಿಸಿದರೆ ಮುಂದೆ ಯಾರೂ ಬರುವುದಿಲ್ಲ. ಕೆನ್ನೆ ಉರಿಯುತ್ತಿದ್ದರೂ ದಿನವಿಡೀ ಬಿಸಿಲಲ್ಲಿ ಟೊಮ್ಯಾಟೊ ಬಿಡಿಸಿದಳು.

ಸಂಜೆಗೆ ಬೊಬ್ಬೆ ಎದ್ದಿತು. ತಾಯಿ ಮುನಿನಾರಾಯಣಮ್ಮ ಟೂತ್‌ಪೇಸ್ಟ್ ಬಳಿದಳು. ಬೊಬ್ಬೆ ಒಡೆದು ಕೀವಾಯಿತು.

ಪಕ್ಕದ ಮನೆಯ ಭಾರ್ಗವಿ ಆಸ್ಪತ್ರೆಯಲ್ಲಿ ನರ್ಸು. ನೋಡಿದವಳೇ ಗದರಿದಳು.

"ಏನಕ್ಕಾ ಇದು? ಕೆನ್ನೇಲೇನು ಹಲ್ಲು ಬಂದಿದ್ಯಾ, ಪೇಸ್ಟ್ ಹಚ್ಚೋಕೆ?"

"ತಣ್ಣಗಿರ್ತದೆ ಅಂತ ಅಚ್ಚಿದೆ ಕಣಮ್ಮ. ಪಾರ್ಲರಲ್ಲಿ ಬರೀ ಬೆಳಕು ಬಿಟ್ರಂತೆ, ಅಷ್ಟಕ್ಕೇ ಚರ್ಮ ಸುಡ್ತದಾ? ನಮ್ಮನೇಲೂ ಬಲ್ಬು ಐತೆ, ಯಾರೂ ಬೆಂದಿಲ್ಲ."

"ಮಧ್ಯಾಹ್ನದ ಬಿಸಿಲಲ್ಲಿ ನಿಮ್ಮ ಕರಿ ಎಮ್ಮೆ ಬೆನ್ನ ಮೇಲೆ ಕೈ ಇಡಕ್ಕ. ಆಮೇಲೆ ಬಿಳಿ ಹಸು ಮುಟ್ಟು. ಯಾವುದು ಸುಡ್ತದೆ?"

"ಎಮ್ಮೇದೇ."

"ಲೇಸರೂ ಹಂಗೇ. ಆ ಬೆಳಕು ಚರ್ಮದೊಳಗಿನ ಕಪ್ಪು ಬಣ್ಣ ಹುಡುಕ್ಕೊಂಡು ಹೋಗ್ತದೆ. ಅಲ್ಲಿ ಕಾವಾಗಿ ಬಣ್ಣಾನ ಪುಡಿ ಮಾಡ್ತದೆ. ಬಿಸಿಲಿಗೆ ಕೆನ್ನೆಯೆಲ್ಲಾ ಕಪ್ಪಾಗಿದ್ರೆ ಮಚ್ಚೆ ಜೊತೆ ಒಳ್ಳೆ ಚರ್ಮಾನೂ ಬೇಯ್ತದೆ. ಬೆಂದದ್ದರ ಮೇಲೆ ಮತ್ತೆ ಬಿಸಿಲು ಬಿದ್ರೆ ಕೇಳಲೇಬೇಡ."

"ಅಂಗಾದ್ರೆ ಲೇಸರೇ ಕೆಟ್ಟದ್ದಾ?" ಅರ್ಚನ ಮೆಲ್ಲಗೆ ಕೇಳಿದಳು.

"ಅಲ್ಲ ಕಣೇ. ಚರ್ಮದ ಡಾಕ್ಟ್ರು ಮೊದ್ಲು ಇದು ಎಂಥ ಮಚ್ಚೆ ಅಂತ ನೋಡ್ತಾರೆ. ಚೂರು ಜಾಗದಲ್ಲಿ ಬಿಟ್ಟು ಪರೀಕ್ಷೆ ಮಾಡ್ತಾರೆ. ಒಂದೇ ಸಲಕ್ಕೆ ಹೋಗಲ್ಲ. ಕೆಲವು ಪೂರ್ತಿ ಹೋಗೋದೇ ಇಲ್ಲ, ಅದನ್ನೂ ಮುಂಚೇನೇ ಹೇಳ್ತಾರೆ."

"ಅಣ್ಣನ ಮದುವೆ ಒಳಗೆ ವಾಸಿಯಾಗ್ತದಾ ಅಕ್ಕಾ?"

"ಮೊದ್ಲು ಕೋಲಾರದ ಚರ್ಮದ ಡಾಕ್ಟ್ರಿಗೆ ತೋರಿಸು," ಎಂದಳು ಭಾರ್ಗವಿ.

ಬಂಗಾರಪೇಟೆಯಲ್ಲಿ ಬಸ್ಸು ಹತ್ತಿಸಿ ಮುನಿನಾರಾಯಣಮ್ಮನೇ ಮಗಳನ್ನು ಕೋಲಾರದ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದಳು. ಉಳಿದ ಮುಯ್ಯಾಳಿಗೆ ತಾನೇ ಹೋದಳು. ಗಾಯ ಮಾಯಿತು, ಬಿಳಿ ಕಲೆ ಉಳಿಯಿತು. ಮದುವೆಯಲ್ಲಿ ಎಲ್ಲರೂ ವೇದಿಕೆ ಹತ್ತಿದಾಗ ಅರ್ಚನ ಅಡುಗೆಯವರ ಹತ್ತಿರ ನಿಂತು ಅಣ್ಣನನ್ನೇ ನೋಡುತ್ತಿದ್ದಳು. ವೆಂಕಿ ಎರಡು ಸಲ ಕೂಗಿದ. ಅವಳು ಕೈಯಾಡಿಸಿ ಬೇಡವೆಂದಳು.

ಅಕ್ಕತಂಗಿಯರೇ, ಲೇಸರ್ ಬೇಕೆನಿಸಿದರೆ ಚರ್ಮದ ಡಾಕ್ಟರ ಹತ್ತಿರವೇ ಹೋಗಿ. ಬಿಸಿಲಲ್ಲಿ ದುಡಿಯುತ್ತೇನೆಂದು ನಾಚದೆ ಹೇಳಿ. ಲೇಸರ್ ಆದಮೇಲೆ ಅವರು ಹೋಗಬಹುದು ಎನ್ನುವವರೆಗೆ ಬಿಸಿಲಿಗೆ ಹೋಗಬೇಡಿ, ಮುಯ್ಯಾಳಿಗೆ ಮನೆಯ ಬೇರೊಬ್ಬರು ಹೋಗಲಿ. ಬೊಬ್ಬೆ ಎದ್ದರೆ ಏನನ್ನೂ ಬಳಿಯದೆ ಆಸ್ಪತ್ರೆಗೆ ಹೋಗಿ.

ಅರ್ಚನ ಕಳೆದುಕೊಂಡದ್ದು ಇಷ್ಟು: ಎರಡು ಬೆರಳಗಲ ಚರ್ಮದ ಬಣ್ಣ, ಅಣ್ಣನ ಜೊತೆಗಿನ ಒಂದು ಫೋಟೊ.